‘ಗೊತ್ತಿರಲಿಲ್ಲ ಸಾರ್’: ಹನ್ನೊಂದು ವರ್ಷದ ಗಿರಾಕಿಯೊಬ್ಬ ತನ್ನ ಔಷಧಿ ಅಂಗಡಿಯ ಬಗ್ಗೆ ಬರೆದದ್ದು

ತುಮಕೂರಿನ ನಮ್ಮ ಬಡಾವಣೆಯ ಮುಖ್ಯರಸ್ತೆ ತಿರುಗುವಲ್ಲಿ ಇರುವ ಔಷಧಿ ಅಂಗಡಿಗೆ ನಾನು ಹನ್ನೊಂದು ವರ್ಷದ ಗಿರಾಕಿ. ನನ್ನ ರಕ್ತದೊತ್ತಡದ ಮಾತ್ರೆ, ಹೆಂಡತಿಯ ಇನ್ಸುಲಿನ್, ಮಳೆಗಾಲದ ಕೆಮ್ಮಿನ ಸಿರಪ್ಪು, ಎಲ್ಲವೂ ಅಲ್ಲಿಂದಲೇ ಬರುತ್ತವೆ. ಅಂಗಡಿಯ ಹೆಸರನ್ನು ಬರೆಯುತ್ತಿಲ್ಲ. ನಾನು ಹೇಳಲಿರುವ ತಪ್ಪು ಈ ಒಂದೇ ಅಂಗಡಿಯದಲ್ಲ, ಆ ದಿನಗಳಲ್ಲಿ ಯಾವ ಊರಿನ ಯಾವ ಮೆಡಿಕಲ್ ಶಾಪಿಗೆ ಹೋಗಿದ್ದರೂ ನಡೆಯಬಹುದಾಗಿದ್ದದ್ದು. ಹೆಸರು ಬರೆದರೆ ಉಳಿದ ಅಂಗಡಿಗಳಿಗೆ ನಾನೇ ಒಳ್ಳೆಯ ನಡತೆಯ ಪ್ರಮಾಣಪತ್ರ ಕೊಟ್ಟಂತಾಗುತ್ತದೆ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆದರೆ ರಾತ್ರಿ ಹತ್ತೂವರೆಯವರೆಗೆ ಮುಚ್ಚುವುದಿಲ್ಲ, ಹಬ್ಬದ ದಿನವೂ ಅರ್ಧ ಷಟರ್ ಎತ್ತಿರುತ್ತದೆ. ಕೇಳದೆಯೇ ಬಿಲ್ ಕೊಡುತ್ತಾರೆ. ಇನ್ಸುಲಿನ್ನನ್ನು ಫ್ರಿಜ್ಜಿನಿಂದ ತೆಗೆದು ಐಸ್ ಚೀಲದಲ್ಲಿಟ್ಟು ಕೊಡುವ ಅಭ್ಯಾಸ ಇವರಿಗಿದೆ, ಪಕ್ಕದ ಬೀದಿಯವರಿಗಿಲ್ಲ. ಹೆಚ್ಚಾಗಿ ಉಳಿದ ಮಾತ್ರೆಯ ಪಟ್ಟಿಗಳನ್ನು ಮುಖ ಸಿಂಡರಿಸದೆ ವಾಪಸು ತೆಗೆದುಕೊಳ್ಳುತ್ತಾರೆ. ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಮಾಲೀಕರು ಮನೆಬಾಗಿಲಿಗೇ ಔಷಧಿ ತಂದು ಕೊಟ್ಟದ್ದನ್ನು ಈ ಬೀದಿ ಮರೆತಿಲ್ಲ.

2025ರ ಏಪ್ರಿಲ್ ತಿಂಗಳಲ್ಲಿ ಮಗಳು ಮೂರು ವರ್ಷದ ಮಗನನ್ನು ರಜೆಗೆಂದು ನಮ್ಮಲ್ಲಿ ಬಿಟ್ಟುಹೋಗಿದ್ದಳು. ಎರಡನೆಯ ದಿನವೇ ಮಗುವಿಗೆ ವಾಂತಿಭೇದಿ ಶುರುವಾಯಿತು. ನೀರು ಕುಡಿಸಿದರೆ ಭೇದಿ ಹೆಚ್ಚಾಗುತ್ತದೆ, ಹೊಟ್ಟೆಗೆ ಬಿಡುವು ಕೊಡಬೇಕು ಎಂಬುದು ನನ್ನ ಹೆಂಡತಿಯ ನಂಬಿಕೆ. ಆಕೆಗೆ ಅದನ್ನು ಹೇಳಿದ್ದು ಆಕೆಯ ತಾಯಿ, ತಾಯಿಗೆ ಹೇಳಿದ್ದು ಅಜ್ಜಿ. ನಾನು ಒಪ್ಪದೆ ರಾತ್ರಿ ಎಂಟೂವರೆಗೆ ಅಂಗಡಿಗೆ ಹೋಗಿ, ಮಗುವಿಗೆ ಭೇದಿಯಾಗಿದೆ, ಒಆರ್‌ಎಸ್ ಕೊಡಿ ಎಂದು ಕೇಳಿದೆ. ಭೇದಿಯಲ್ಲಿ ಮೈ ಕಳೆದುಕೊಂಡ ನೀರು, ಲವಣಗಳನ್ನು ತುಂಬಲು ನೀರಿನಲ್ಲಿ ಕದಡಿ ಕುಡಿಸುವ ಪುಡಿ ಅದು. ಕೌಂಟರಿನಲ್ಲಿದ್ದ ಹುಡುಗ ತಿರುಗಿಯೂ ನೋಡದೆ ಹಿಂದಕ್ಕೆ ಕೈ ಚಾಚಿ, ಸೇಬಿನ ಚಿತ್ರವಿದ್ದ ನಾಲ್ಕು ಟೆಟ್ರಾ ಪ್ಯಾಕುಗಳನ್ನು ಇಟ್ಟ. ಜೊತೆಗೆ ಭೇದಿ ನಿಲ್ಲಿಸುವ ಮಾತ್ರೆಯನ್ನೂ ಕತ್ತರಿಸಿ, ಅರ್ಧ ಕೊಡಿ ಸಾಕು ಎಂದ. ಮಾತ್ರೆಯ ಹಿಂಬದಿಯಲ್ಲಿ ಉದ್ದಕ್ಕೆ ಕೆಂಪು ಗೆರೆ ಇತ್ತು. ಕೆಂಪು ಗೆರೆಯಿರುವ ಔಷಧಿಯನ್ನು ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದೆಂದು 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ ಪ್ರಚಾರವನ್ನು ನಾನು ಓದಿದ್ದೆನಾದ್ದರಿಂದ ಅದನ್ನು ಹಿಂದಿರುಗಿಸಿದೆ. ಆ ಗೆರೆ ನೋಡಿದ್ದಕ್ಕೆ ನನ್ನ ಬಗ್ಗೆ ನನಗೇ ಸ್ವಲ್ಪ ಹೆಮ್ಮೆಯೂ ಆಗಿರಬೇಕು, ಪಾನಕದ ಪ್ಯಾಕನ್ನು ತಿರುಗಿಸಿ ನೋಡಲು ಹೋಗಲಿಲ್ಲ.

ರಾತ್ರಿಯೆಲ್ಲ ಮಗು ಅದನ್ನು ಇಷ್ಟಪಟ್ಟೇ ಕುಡಿಯಿತು. ಬೆಳಗಿನ ಜಾವದ ಹೊತ್ತಿಗೆ ಭೇದಿ ಮತ್ತಷ್ಟು ನೀರಾಗಿ, ಕಣ್ಣು ಒಳಗಿಳಿದು, ಅಳುವಾಗ ಕಣ್ಣೀರೇ ಬರುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯೆ ಡ್ರಿಪ್ ಹಾಕಿಸಿ, ಏನು ಕುಡಿಸಿದಿರಿ ಎಂದು ಕೇಳಿದರು. ನಾನು ಜೇಬಿನಲ್ಲಿದ್ದ ಖಾಲಿ ಪ್ಯಾಕನ್ನು ಮುಂದಿಟ್ಟೆ. ಅವರು ಅದನ್ನು ತಿರುಗಿಸಿ, ಪೆನ್ನಿನ ತುದಿಯಿಂದ ಒಂದು ಸಾಲನ್ನು ತೋರಿಸಿದರು. ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಸೂತ್ರವಲ್ಲ ಎಂದು ಅಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಮುಂಬದಿಯಲ್ಲಿ ಅದೇ ಮೂರಕ್ಷರಗಳು ಹೆಬ್ಬೆರಳಿನಷ್ಟು ದಪ್ಪಕ್ಕಿದ್ದವು. ಪಾನಕದಿಂದಲೇ ಹೀಗಾಯಿತೆಂದು ವೈದ್ಯೆ ಹೇಳಲಿಲ್ಲ, ನಾನೂ ಹೇಳಲಾರೆ. ಸೋಂಕು ತನ್ನಷ್ಟಕ್ಕೆ ಏರುತ್ತಿದ್ದಿರಬಹುದು. ಆದರೆ ಇದು ಸಹಾಯವನ್ನಂತೂ ಮಾಡಿಲ್ಲ ಎಂದರು. ಮಗು ಮಾರನೆಯ ದಿನ ಸಂಜೆಗೆ ಚೇತರಿಸಿಕೊಂಡು ಗಂಜಿ ಕುಡಿಯಿತು.

ಈ ಮೂರಕ್ಷರಗಳ ಹಿಂದೆ ಏನಿದೆಯೆಂದು ಹೇಳದಿದ್ದರೆ ನನ್ನ ಸಿಟ್ಟು ಅತಿಯಾಯಿತೆಂದು ಓದುಗರಿಗೆ ಅನ್ನಿಸಬಹುದು. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಏರಿಸುವ ದ್ರವದ ಬಾಟಲಿಗಳು ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸು, ಅಡುಗೆ ಉಪ್ಪು ಮತ್ತು ಸೋಡಾಗಳನ್ನು ತೂಕಮಾಡಿಸಿ ಪೊಟ್ಟಣ ಕಟ್ಟಿಸಿದರು. ಅದನ್ನು ನೀರಿನಲ್ಲಿ ಕದಡಿ ಕುಡಿಸುವ ಕೆಲಸವನ್ನು ರೋಗಿಗಳ ಮನೆಯವರಿಗೇ ವಹಿಸಿದರು. ಶೇಕಡ 30ರ ಹತ್ತಿರವಿದ್ದ ಸಾವಿನ ಪ್ರಮಾಣ ಶೇಕಡ 4ಕ್ಕಿಂತ ಕೆಳಗಿಳಿಯಿತು. ಇಂದಿನ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸು, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡು, 2.9 ಗ್ರಾಂ ಸಿಟ್ರೇಟು ಇವೆ. ಒಟ್ಟು ಇಪ್ಪತ್ತೂವರೆ ಗ್ರಾಂ ಪುಡಿ. ಸಕ್ಕರೆ ಮತ್ತು ಸೋಡಿಯಂ ಕರುಳಿನ ಜೀವಕೋಶದೊಳಗೆ ಜೋಡಿಯಾಗಿ ಹೋಗುತ್ತವೆ, ಅವುಗಳ ಬೆನ್ನಿಗೆ ನೀರು ಹೋಗುತ್ತದೆ. ಭೇದಿಯ ಸಮಯದಲ್ಲೂ ಈ ಬಾಗಿಲು ಮುಚ್ಚುವುದಿಲ್ಲ. ಹಾಗಾಗಿ ಅಳತೆಯೇ ಇಲ್ಲಿ ಔಷಧಿ. ನಮ್ಮ ಸೇಬಿನ ಪ್ಯಾಕಿನಲ್ಲಿ 100 ಮಿಲಿಲೀಟರಿಗೆ 11 ಗ್ರಾಂ ಸಕ್ಕರೆ ಇತ್ತು. ಅಂದರೆ ಸೂತ್ರದಲ್ಲಿರುವುದಕ್ಕಿಂತ ಎಂಟು ಪಟ್ಟು. ಹೀರಿಕೊಳ್ಳಲಾಗದೆ ಉಳಿದ ಸಕ್ಕರೆ ಮೈಯಲ್ಲಿರುವ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಲೇಬೇಕು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು. ಸಿಪ್ಪೆ ಸುಲಿದ ಆಲೂಗಡ್ಡೆಯಲ್ಲಿ ಕುಳಿ ಕೊರೆದು, ಅದರೊಳಗೆ ಸಕ್ಕರೆ ದ್ರಾವಣ ಹಾಕಿ, ನೀರಿನ ಬಟ್ಟಲಲ್ಲಿಟ್ಟು, ಗುಂಡುಸೂಜಿ ಚುಚ್ಚಿ ಗುರುತು ಮಾಡಿ, ದ್ರಾವಣ ಮೇಲೇರುವುದನ್ನು ಮಕ್ಕಳಿಗೆ ತೋರಿಸಿ, ಸಕ್ಕರೆ ನೀರನ್ನು ಎಳೆಯುತ್ತದೆ, ಇದೇ ಅಭಿಸರಣೆ ಎಂದು ಬೋರ್ಡಿನ ಮೇಲೆ ಬರೆದ ವರ್ಷಗಳು ಮೂವತ್ತಕ್ಕೆ ಕಡಿಮೆಯಿಲ್ಲ.

ಡಿಸ್ಚಾರ್ಜ್ ಆದ ಮರುದಿನ ಪ್ಯಾಕನ್ನು ಹಿಡಿದು ಅಂಗಡಿಗೆ ಹೋದೆ. ಹುಡುಗ, “ಗೊತ್ತಿರಲಿಲ್ಲ ಸಾರ್, ಒಆರ್‌ಎಸ್ ಅಂದ್ರೆ ಎಲ್ರಿಗೂ ಇದನ್ನೇ ಕೊಡೋದು” ಎಂದ. ಅವನ ಮುಖ ಬಿಳಿಚಿಕೊಂಡಿತ್ತು. ಮಗು ಹೇಗಿದೆ ಎಂದು ಎರಡು ಸಲ ಕೇಳಿದ. ಮಾಲೀಕರು ಗಲ್ಲಾದಿಂದ ಏಳಲಿಲ್ಲ. “ಕಂಪನಿಯವರು ಬಂದು ಒಆರ್‌ಎಸ್ ಅಂತ ಕೊಟ್ಟು ಹೋಗ್ತಾರೆ, ನಾವು ಮಾರ್ತೀವಿ. ನಮಗೇನು ಗೊತ್ತು?” ಎಂದರು. ಸ್ವಲ್ಪ ತಡೆದು, “ನೀವು ಮೇಷ್ಟ್ರು, ಓದಿದವರು. ನೀವೇ ನೋಡಲಿಲ್ಲವಲ್ಲ” ಎಂದು ಸೇರಿಸಿದರು. ಈ ಎರಡನೆಯ ಮಾತಿಗೆ ನನ್ನಲ್ಲಿ ಆಗಲೂ ಉತ್ತರವಿರಲಿಲ್ಲ, ಈಗಲೂ ಇಲ್ಲ. ಮೊದಲನೆಯ ಮಾತಿಗೆ ಇದೆ.

ಒಂದೇ ಘಟನೆಯಲ್ಲಿ ‘ಗೊತ್ತಿರಲಿಲ್ಲ’ ಎಂಬ ಮಾತನ್ನು ನಾನು ನಾಲ್ಕು ಜನರ ಬಾಯಲ್ಲಿ ಕೇಳಿದೆ, ನನ್ನದನ್ನೂ ಸೇರಿಸಿ. ಮಾತು ಒಂದೇ ಆದರೂ ತೂಕ ಬೇರೆ ಬೇರೆ. ನೀರು ಕೊಡಬಾರದೆಂಬ ನನ್ನ ಹೆಂಡತಿಯ ನಂಬಿಕೆ ಈ ಎಲ್ಲ ತಪ್ಪುಗಳಲ್ಲಿ ಅತಿ ಅಪಾಯಕಾರಿಯಾದದ್ದು, ಎಷ್ಟೋ ಮಕ್ಕಳ ಜೀವ ತೆಗೆದದ್ದು. ಆದರೂ ಆಕೆಯನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಬೇರೆ ಹೇಳುವವರೇ ಇಲ್ಲದ ಮನೆಯಲ್ಲಿ, ಪ್ರೀತಿಯಿಂದ ಸಾಕಿದವರ ಬಾಯಿಂದ ಕೇಳಿದ್ದನ್ನು ಆಕೆ ನಂಬಿದಳು. ವೈದ್ಯೆ ಎರಡು ನಿಮಿಷ ಕೂರಿಸಿಕೊಂಡು ಹೇಳಿದ ಮೇಲೆ ಆ ನಂಬಿಕೆಯನ್ನು ಹಳೆಯ ಸೀರೆಯಂತೆ ತೆಗೆದಿಟ್ಟು, ಅಂದೇ ಸಂಜೆ ಎದುರು ಮನೆಯ ಸೊಸೆಗೆ ಪುಡಿ ಕದಡುವ ಬಗೆಯನ್ನು ವಿವರಿಸುತ್ತಿದ್ದಳು. ಅಂಗಡಿಯ ಹುಡುಗನೂ ನನ್ನ ಲೆಕ್ಕದಲ್ಲಿ ಬಹುಪಾಲು ಕ್ಷಮೆಗೆ ಅರ್ಹ. ಪಿಯುಸಿ ಮುಗಿಸಿ ಕೆಲಸಕ್ಕೆ ಸೇರಿದವನಿಗೆ ಯಾವ ಕಪಾಟಿನಲ್ಲಿ ಏನಿದೆ ಎಂದು ಕಲಿಸಲಾಗಿತ್ತೇ ಹೊರತು ಅದು ಏನು ಎಂದು ಕಲಿಸಿರಲಿಲ್ಲ.

ಅವನು ಕೈ ಚಾಚಿದ ರೀತಿ ನೆನೆದಾಗಲೆಲ್ಲ ನನಗೆ ದಶರಥನ ಕಥೆ ನೆನಪಾಗುತ್ತದೆ. ಸರಯೂ ತೀರದ ಕತ್ತಲಲ್ಲಿ ಕೊಡ ತುಂಬುವ ಸದ್ದನ್ನು ಆನೆಯ ಸದ್ದೆಂದು ಭಾವಿಸಿ ಬಾಣ ಬಿಟ್ಟವನು ಅವನು. ಇವನು ಮೂರಕ್ಷರಗಳ ಸದ್ದು ಕೇಳಿ ಪ್ಯಾಕು ಎಳೆದವನು. ಎರಡೂ ಶಬ್ದವೇಧಿಯೇ. ಆದರೆ ವಾಲ್ಮೀಕಿ ಈ ಕಥೆಯನ್ನು ಅಲ್ಲಿಗೇ ಬಿಡುವುದಿಲ್ಲ. ದಶರಥ ಅದೇ ಕೊಡದಲ್ಲಿ ನೀರು ತುಂಬಿಕೊಂಡು, ಸತ್ತ ಹುಡುಗನ ಕುರುಡು ತಂದೆತಾಯಿಗಳ ಬಳಿಗೆ ತಾನೇ ನಡೆದುಹೋಗಿ, ಕೊಂದವನು ನಾನು ಎಂದು ಹೇಳುತ್ತಾನೆ. ಆ ಮುದುಕ, ನೀನಾಗಿಯೇ ಬಂದು ಹೇಳದಿದ್ದರೆ ನಿನ್ನ ತಲೆ ಲಕ್ಷ ಹೋಳಾಗುತ್ತಿತ್ತು, ಅರಿಯದೆ ಮಾಡಿದ್ದರಿಂದ ಬದುಕಿದ್ದೀಯೆ ಎನ್ನುತ್ತಾನೆ. ಆದರೂ ಪುತ್ರಶೋಕದ ಶಾಪ ತಪ್ಪುವುದಿಲ್ಲ. ಅಜ್ಞಾನ ಶಿಕ್ಷೆಯನ್ನು ಇಳಿಸುತ್ತದೆ, ಪೂರ್ತಿ ಅಳಿಸುವುದಿಲ್ಲ. ಇಳಿಸುವುದೂ ಕೊಡ ಹೊತ್ತು ನಡೆದವನಿಗೆ. ನಮ್ಮ ಹುಡುಗ ಮಗು ಹೇಗಿದೆ ಎಂದು ಎರಡು ಸಲ ಕೇಳಿದನಲ್ಲ, ಅದನ್ನು ನಾನು ಕೊಡ ಹೊತ್ತ ಲೆಕ್ಕಕ್ಕೇ ಹಾಕುತ್ತೇನೆ.

ಮಾಲೀಕರ ವಿಷಯ ಬೇರೆ. ನಮ್ಮ ದಂಡಸಂಹಿತೆಯಲ್ಲಿ ವಾಸ್ತವದ ಬಗ್ಗೆ ತಪ್ಪು ತಿಳಿದು, ಸದ್ಭಾವನೆಯಿಂದ ಮಾಡಿದ ಕೃತ್ಯಕ್ಕೆ ರಕ್ಷಣೆ ಇದೆ. 1860ರ ಹಳೆಯ ಸಂಹಿತೆಯಲ್ಲೂ ಇತ್ತು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ. ಆದರೆ ಸದ್ಭಾವನೆ ಎಂದರೇನು ಎಂಬುದನ್ನು ಅದೇ ಕಾನೂನು ಬಿಗಿಯಾಗಿ ಕಟ್ಟಿಹಾಕಿದೆ: ತಕ್ಕ ಎಚ್ಚರಿಕೆ ಮತ್ತು ಗಮನವಿಲ್ಲದೆ ಮಾಡಿದ್ದನ್ನಾಗಲಿ ನಂಬಿದ್ದನ್ನಾಗಲಿ ಸದ್ಭಾವನೆಯದೆಂದು ಹೇಳುವಂತಿಲ್ಲ. ಇಲ್ಲಿ ಅಪರಾಧ ನಡೆದಿದೆ ಎಂದು ನಾನು ಹೇಳುತ್ತಿಲ್ಲ, ಮೊಕದ್ದಮೆ ಹೂಡುತ್ತಲೂ ಇಲ್ಲ; ಅಳತೆಗೋಲು ಮಾತ್ರ ಒಪ್ಪುವಂಥದ್ದು ಎನ್ನುತ್ತಿದ್ದೇನೆ. ಔಷಧಿ ಅಂಗಡಿಗೆ ಪರವಾನಗಿ ಕೊಡುವುದು ಏಕೆ? ಕಿರಾಣಿ ಅಂಗಡಿಯವನಿಗೆ ಗೊತ್ತಿಲ್ಲದ್ದು ಇವರಿಗೆ ಗೊತ್ತಿರುತ್ತದೆ ಎಂಬ ಒಂದೇ ಭರವಸೆಯ ಮೇಲೆ. ಗಲ್ಲಾದ ಹಿಂದಿನ ಗೋಡೆಯಲ್ಲಿ ನೋಂದಾಯಿತ ಫಾರ್ಮಸಿಸ್ಟ್ ಒಬ್ಬರ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಈ ಹನ್ನೊಂದು ವರ್ಷಗಳಲ್ಲಿ ಆ ಭಾವಚಿತ್ರದ ಮುಖವನ್ನು ನಾನು ಕೌಂಟರಿನ ಹಿಂದೆ ಒಮ್ಮೆಯೂ ನೋಡಿಲ್ಲ. ತಿಳಿದವರನ್ನು ಗೋಡೆಗೆ ತೂಗುಹಾಕಿ, ತಿಳಿಯದವರನ್ನು ಕೌಂಟರಿಗೆ ನಿಲ್ಲಿಸಿ, ಆಮೇಲೆ ಗೊತ್ತಿರಲಿಲ್ಲ ಎಂದರೆ ಆ ಅಜ್ಞಾನ ತಾನಾಗಿ ಬಂದದ್ದಲ್ಲ, ಸಂಬಳ ಉಳಿಸಲು ತಂದಿಟ್ಟುಕೊಂಡದ್ದು. ನಮ್ಮ ಓಣಿಗೆ ಬರುವ ಆಶಾ ಕಾರ್ಯಕರ್ತೆ ಪುಟ್ಟ ಮಕ್ಕಳಿರುವ ಮನೆಗಳಿಗೆ ಒಆರ್‌ಎಸ್ ಪುಡಿಯನ್ನು ಪುಕ್ಕಟೆ ಕೊಟ್ಟು, ಜೊತೆಗೆ ಝಿಂಕ್ ಮಾತ್ರೆಯನ್ನು ಹದಿನಾಲ್ಕು ದಿನ ತಪ್ಪಿಸಬಾರದೆಂದು ಬೆರಳು ಮಡಿಸಿ ಎಣಿಸಿ ಹೇಳುತ್ತಾರೆ. ತಿಳಿಯುವುದು ಅಷ್ಟೇನೂ ಕಷ್ಟವಿರಲಿಲ್ಲ.

ಪ್ಯಾಕು ತಯಾರಿಸಿದವರ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಅಲ್ಲ ಎಂಬ ಸಾಲನ್ನು ಅಚ್ಚುಹಾಕಿಸಿದವರಿಗೆ ಅಲ್ಲ ಎಂಬುದು ಗೊತ್ತೇ ಇರುತ್ತದೆ. ಅವರು ಮಾರಿದ್ದು ನಮ್ಮ ಅಜ್ಞಾನವನ್ನು. ಹೆಸರನ್ನು ದೂರದಿಂದ ಕಾಣುವಂತೆ ಬರೆದು, ಎಚ್ಚರಿಕೆಯನ್ನು ಕನ್ನಡಕವಿದ್ದವರಿಗೂ ಕಾಣದಂತೆ, ಅದೂ ಇಂಗ್ಲಿಷಿನಲ್ಲಿ ಬರೆದರೆ, ಕನ್ನಡ ಮಾತ್ರ ಬಲ್ಲ ತಾಯಿಯೊಬ್ಬಳಿಗೆ ಆ ಎಚ್ಚರಿಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇಷ್ಟಕ್ಕೇ ನಿಂತಿದ್ದರೆ ಅಂಗಡಿಗೆ ನಾನು ಐದಕ್ಕೆ ಮೂರೂವರೆ ನಕ್ಷತ್ರ ಕೊಟ್ಟು ಸುಮ್ಮನಾಗುತ್ತಿದ್ದೆ. ಮೂರು ವಾರ ಬಿಟ್ಟು, ಮೇ ತಿಂಗಳಲ್ಲಿ, ಹೆಂಡತಿಯ ಇನ್ಸುಲಿನ್ ತರಲು ಹೋದೆ. ಅದೇ ಸೇಬಿನ ಪ್ಯಾಕುಗಳು ಅದೇ ಜಾಗದಲ್ಲಿ ಜೋಡಿಸಿದ್ದವು. ಹುಡುಗ ಊಟಕ್ಕೆ ಹೋಗಿದ್ದ. ನಮ್ಮ ಹಿಂದಿನ ರಸ್ತೆಯಲ್ಲಿ ಕಟ್ಟುತ್ತಿರುವ ಮನೆಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು, ಸೆರಗಿನಲ್ಲಿ ಕೂಸನ್ನು ಹೊತ್ತುಕೊಂಡು, ಕೂಸಿಗೆ ಹೊಟ್ಟೆ ಕೆಟ್ಟಿದೆ ಎಂದು ಹೇಳಿ ನಿಂತಿದ್ದಳು. ಮಾಲೀಕರು ಎರಡು ಪ್ಯಾಕು ಇಟ್ಟರು. ನಾನು ನಡುವೆ ಬಾಯಿ ಹಾಕಿ, ಇದಲ್ಲಮ್ಮ, ಪುಡಿ ಕೇಳು ಎಂದೆ. ಆಕೆ ನನ್ನನ್ನು ನೋಡಲಿಲ್ಲ, ಅವರನ್ನು ನೋಡಿದಳು. “ಹಂಗಾದ್ರ ಯಾವ್ದ್ ಒಯ್ಲಿರಿ?” ಎಂದಳು. “ಮೇಷ್ಟ್ರು ಏನೋ ಹೇಳ್ತಾರೆ. ಇದೂ ಒಳ್ಳೇದೇ, ಮಕ್ಕಳು ಕುಡೀತಾವೆ” ಎಂದು ಮಾಲೀಕರು ನಗುತ್ತ ಬಿಲ್ಲು ಹಾಕಿದರು. ಆಕೆ ಗಂಟು ಬಿಚ್ಚಿ ಎಣಿಸಿಕೊಟ್ಟ ದುಡ್ಡಿನಲ್ಲಿ ಪುಡಿಯ ಪೊಟ್ಟಣಗಳೇ ಮೂರು ಬರುತ್ತಿದ್ದವು. ಆಕೆ ಹೋದ ಮೇಲೆ ನಾನು ಕೇಳಿದ್ದಕ್ಕೆ, “ಎರಡು ಬಾಕ್ಸ್ ಉಳಿದಿದೆ ಮೇಷ್ಟ್ರೇ, ಸ್ಟಾಕ್ ಖಾಲಿ ಆಗ್ಲಿ” ಎಂದರು.

ಏಪ್ರಿಲ್ಲಿನ ‘ಗೊತ್ತಿರಲಿಲ್ಲ’ ಎಂಬುದಕ್ಕೂ ಮೇ ತಿಂಗಳ ‘ಸ್ಟಾಕ್ ಖಾಲಿ ಆಗ್ಲಿ’ ಎಂಬುದಕ್ಕೂ ನಡುವಿನ ಮೂರು ವಾರಗಳಲ್ಲಿ ಅವರಿಗೆ ಆದ ನಷ್ಟವೆಂದರೆ ಒಂದು ನೆಪ ಮಾತ್ರ. ಅಂಗಡಿಯ ಬಗ್ಗೆ ನನ್ನ ತೀರ್ಪು ನಿಂತಿರುವುದು ಈ ಮೂರು ವಾರಗಳ ಮೇಲೆಯೇ. ತಿಳಿಯದೆ ಕೊಟ್ಟ ನಾಲ್ಕು ಪ್ಯಾಕುಗಳನ್ನು ನಾನು ಬಿಟ್ಟುಬಿಟ್ಟೆ. ತಿಳಿದು ಕೊಟ್ಟ ಎರಡನ್ನು ಬಿಡಲು ನನಗೆ ಅಧಿಕಾರವೂ ಇಲ್ಲ, ಅದನ್ನು ಬಿಡಬೇಕಾದವಳು ಆ ತಾಯಿ. ಮಾರನೆಯ ದಿನ ಆ ಕಟ್ಟಡಕ್ಕೆ ಪುಡಿಯ ಪೊಟ್ಟಣ ಹಿಡಿದು ಹೋದೆ; ಗಾರೆ ಕೆಲಸದವರ ಗುಂಪು ಬೇರೆ ಸೈಟಿಗೆ ಹೋಗಿಯಾಗಿತ್ತು.

ಆ ವರ್ಷದ ಅಕ್ಟೋಬರ್ 14ರಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು, ಎಚ್ಚರಿಕೆಯ ಸಾಲೊಂದನ್ನು ಹಾಕಿ ಇಂಥ ಹೆಸರನ್ನು ಬಳಸಬಹುದೆಂದು 2022ರಲ್ಲಿ ತಾನೇ ಕೊಟ್ಟಿದ್ದ ಅನುಮತಿಯನ್ನು ಹಿಂದಕ್ಕೆ ಪಡೆಯಿತು. ಹಣ್ಣಿನ ಪಾನೀಯಗಳ ಹೆಸರಿನಲ್ಲಿ ಆ ಮೂರಕ್ಷರಗಳನ್ನು ಹಿಂದೆ ಮುಂದೆ ಏನು ಸೇರಿಸಿಯೂ ಬಳಸುವಂತಿಲ್ಲ ಎಂದಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದ್ದರು. ಪ್ರಾಧಿಕಾರದ ಈ ಮೂರು ವರ್ಷಗಳನ್ನು ಯಾವ ಖಾತೆಗೆ ಹಾಕಬೇಕೋ ನನಗೆ ತೋಚುತ್ತಿಲ್ಲ. ಗೊತ್ತಿರಲಿಲ್ಲ ಎಂದು ಅವರೂ ಹೇಳುವಂತಿಲ್ಲ, ಎಚ್ಚರಿಕೆಯ ಸಾಲನ್ನು ಬರೆಸಿದವರೇ ಅವರು.

ಆದೇಶ ಬಂದ ಮೇಲೆ ನಮ್ಮ ಅಂಗಡಿಯ ಸೇಬಿನ ಗೋಪುರ ಮಾಯವಾಯಿತು. ಆ ಜಾಗದಲ್ಲಿ ಈಗ ಪ್ರೋಟೀನ್ ಪುಡಿಯ ಡಬ್ಬಿಗಳಿವೆ. ಅವುಗಳ ಹಿಂಬದಿಯನ್ನು ನಾನಿನ್ನೂ ಓದಿಲ್ಲ. ಅಂಗಡಿಗೆ ನನ್ನ ಅಂಕ ಐದಕ್ಕೆ ಎರಡು. ಒಂದು ಆ ಫ್ರಿಜ್ಜಿಗೆ ಮತ್ತು ಐಸ್ ಚೀಲಕ್ಕೆ, ಇನ್ನೊಂದು ಕೋವಿಡ್ ಕಾಲದ ನೆನಪಿಗೆ. ಹುಡುಗನನ್ನು ಪ್ರತ್ಯೇಕವಾಗಿ ಅಳೆಯುವ ಅವಕಾಶವಿದ್ದಿದ್ದರೆ ಅವನಿಗೆ ನಾಲ್ಕು. ಮೇಷ್ಟ್ರಿಗೆ ಎಷ್ಟು ಎಂದು ಕೇಳಬೇಡಿ, ಆಲೂಗಡ್ಡೆ ಕಂಡರೆ ಈಗಲೂ ಮುಜುಗರವಾಗುತ್ತದೆ. ಅಂಗಡಿ ಬದಲಾಯಿಸಿಲ್ಲವೇಕೆ ಎಂದು ಮಗಳು ಕೇಳಿದಳು. ಇನ್ಸುಲಿನ್ನನ್ನು ತಣ್ಣಗಿಟ್ಟು ಕೊಡುವವರು ನಡೆದು ಹೋಗುವಷ್ಟು ದೂರದಲ್ಲಿ ಬೇರೆ ಇಲ್ಲ, ಅಷ್ಟೇ.

ಈ ಜನವರಿಯಲ್ಲಿ ಮಗಳ ಊರಿಗೆ ಹೊರಟಾಗ ಇರಲಿ ಎಂದು ಎರಡು ಪೊಟ್ಟಣ ಒಆರ್‌ಎಸ್ ಕೊಳ್ಳಲು ಹೋದೆ. ಹುಡುಗ ಈ ಸಲ ತಿರುಗಿ ನೋಡಿದ. ಯಾರಿಗೆ, ಎಷ್ಟು ವಯಸ್ಸು, ಒಂದು ಲೀಟರಿನದೋ 200 ಮಿಲಿಲೀಟರಿನದೋ ಎಂದು ಕೇಳಿ, ಡ್ರಾಯರಿನಿಂದ ಪುಡಿಯ ಪೊಟ್ಟಣ ತೆಗೆದ. ಕಿವಿಯ ಮೇಲಿದ್ದ ಬಾಲ್ ಪೆನ್ನನ್ನು ಎಳೆದುಕೊಂಡು ಅದರ ಮೇಲೆ ಕನ್ನಡದಲ್ಲಿ, ‘1 ಲೀಟರ್ ಕುದಿಸಿ ಆರಿಸಿದ ನೀರು. 24 ಗಂಟೆ ಆದ ಮೇಲೆ ಚೆಲ್ಲಿ’ ಎಂದು ಬರೆದ. ಎರಡನೆಯ ಪೊಟ್ಟಣದ ಮೇಲೂ ಬರೆಯತೊಡಗಿದಾಗ ಗಲ್ಲಾದಿಂದ ಮಾಲೀಕರ ದನಿ ಬಂತು: “ಬರೀತಾ ಕೂತ್ರೆ ಆಗುತ್ತೇನೋ, ಹಿಂದೆ ಜನ ನಿಂತಿದಾರೆ.” ಹುಡುಗ ತಲೆಯೆತ್ತದೆ ಸಾಲನ್ನು ಮುಗಿಸಿ ನನ್ನ ಕೈಗೆ ಕೊಟ್ಟ.